ನನ್ನ ಬಿಲ್ಲೆ, ಷಡ್ಡಕನ ಸೀರೆ

ಬೇರೆಯವರು ಕೆಲಸಕ್ಕೆ ಹೋಗಿ ಸುಸ್ತಾಗಿ ಮನೆಗೆ ಬರುತ್ತಾರೆ. ನಾನು ಸುಸ್ತಿನ ಜೊತೆಗೆ ಏನಾದರೊಂದು ನಗೆಪಾಟಲನ್ನೂ ಹೊತ್ತುಕೊಂಡು ಬರುತ್ತೇನೆ. ಕೆಲಸವೇ ಅಂಥದ್ದು. ಟ್ರ್ಯಾಪ್ ಶೂಟಿಂಗ್ ಅಂತ ಒಂದು ಆಟವಿದೆ. ಕೋವಿ ಹಿಡಿದ ಆಟಗಾರ ಕೂಗಿದ ತಕ್ಷಣ, ಹಳ್ಳದೊಳಗೆ ಕೂರಿಸಿದ ಯಂತ್ರವೊಂದು ಬಿಲ್ಲೆಯನ್ನು ರೊಯ್ಯನೆ ಗಾಳಿಗೆ ಎಸೆಯುತ್ತದೆ. ಅದು ಹಾರುತ್ತಿರುವಾಗಲೇ ಅವನು ಹೊಡೆದು ಪುಡಿ ಮಾಡಬೇಕು. ಆ ಬಿಲ್ಲೆಯ ಡಿಸೈನ್ ನನ್ನದು. ಅಂಗೈ ಅಗಲ, ಕವುಚಿ ಹಾಕಿದ ಸಾಸರಿನ ಆಕಾರ, ಡಾಂಬರಿಗೆ ಸುಣ್ಣಕಲ್ಲಿನ ಪುಡಿ ಸೇರಿಸಿ ಅಚ್ಚಿಗೆ ಹಾಕಿದ್ದು, ಮೇಲೆ ಕಿತ್ತಳೆ ಬಣ್ಣ. ಯಂತ್ರ ಎಸೆದಾಗ ಒಡೆಯಬಾರದು, ಗುಂಡು ತಾಗಿದಾಗ ಒಡೆಯಲೇಬೇಕು. ಈ ಎರಡರ ನಡುವೆ ನನ್ನ ಅರ್ಧ ಆಯಸ್ಸು ಹೋಗಿದೆ.

ಉಳಿದರ್ಧ ಹೊಟ್ಟೆಕಿಚ್ಚಿನಲ್ಲಿ ಹೋಗಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ದೊಡ್ಡಬಳ್ಳಾಪುರದಲ್ಲಿ ಸೀರೆ ಡಿಸೈನ್ ಮಾಡಿ ತನ್ನದೇ ಮಗ್ಗಗಳಲ್ಲಿ ನೇಯಿಸುತ್ತಾನೆ. ಅವನದೂ ಡಿಸೈನ್, ನನ್ನದೂ ಡಿಸೈನ್. ಅವನು ಮಾಡಿದ್ದನ್ನು ಉಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ನಾನು ಮಾಡಿದ್ದಕ್ಕೆ ಗುಂಡು ಹೊಡೆಯುತ್ತಾರೆ. ನಂದಗುಡಿಯಲ್ಲಿರುವ ನಮ್ಮ ಮಾವ ಹಬ್ಬ ಬಂದಾಗಲೆಲ್ಲ ಅವನಿಗೆ ಒಂದು 'ಭೇಷ್' ಕೊಡುತ್ತಾರೆ. ನನಗೆ ಮದುವೆಯಾದಾಗಿನಿಂದ ಒಂದೂ ಸಿಕ್ಕಿಲ್ಲ. ಅದೊಂದನ್ನು ಅವರ ಬಾಯಿಂದ ಕೇಳಬೇಕು ಅನ್ನುವುದೇ ನನ್ನ ಆಸೆ.

ವಿಮಾನದ ಅಳಿಯ

ಮೊದಲ ತಪ್ಪು ನನ್ನದಲ್ಲ, ಸಂಬಂಧ ತಂದವರದ್ದು. "ಹುಡುಗ ಹಾರೋ ಐಟಮ್ ಡಿಸೈನ್ ಮಾಡ್ತಾನೆ, ದೇವನಹಳ್ಳಿ ಹತ್ರ" ಅಂದುಬಿಟ್ಟಿದ್ದರು. ದೇವನಹಳ್ಳಿ ಹತ್ತಿರ ಹಾರುವುದು ಅಂದರೆ ಯಾರಿಗಾದರೂ ಹೊಳೆಯುವುದು ಒಂದೇ. ಮಾವ ಊರಿಗೆಲ್ಲ ವಿಮಾನದ ಅಳಿಯ ಬರುತ್ತಾನೆ ಅಂತ ಹೇಳಿಕೊಂಡು ಬಂದಿದ್ದರು.

ಮದುವೆಯಾದ ಮೇಲೆ ಮೊದಲ ಸಲ ಊಟಕ್ಕೆ ಹೋದಾಗ ಮೇಲೊಂದು ವಿಮಾನ ಹೋಯಿತು. ಮಾವ ನನ್ನನ್ನು ಎಲೆಯ ಮುಂದಿನಿಂದ ಎಬ್ಬಿಸಿ ಅಂಗಳಕ್ಕೆ ಕರೆದುಕೊಂಡು ಬಂದರು. ಅಕ್ಕಪಕ್ಕದವರೆಲ್ಲ ಆಗಲೇ ಅಲ್ಲಿ ನಿಂತಿದ್ದರು.

"ಅಳಿಯಂದ್ರೇ, ಇದು ನಿಮ್ದೇನಾ?"

"ಅಲ್ಲ ಮಾವ. ನಮ್ದು ಅಷ್ಟು ಎತ್ತರ ಹೋಗಲ್ಲ."

"ಎಷ್ಟು ದೂರ ಹೋಗ್ತದೆ?"

ನಾನು ಬೀದಿಯ ಕೊನೆಯ ಕಡೆ ಕೈ ತೋರಿಸಿದೆ. "ಆ ಹುಣಸೆಮರದವರೆಗೂ ಹೋಗ್ತದೆ."

"ಆಮೇಲೆ ಇಳೀತದಾ?"

"ಇಳಿಯೋಕೆ ಬಿಡಲ್ಲ ಮಾವ. ಅದಕ್ಕೆ ಮುಂಚೆನೇ ಹೊಡೆದು ಉರುಳಿಸ್ತಾರೆ."

ಮಾವ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮುಖ ಒರೆಸಿಕೊಂಡರು. ಕೊನೆಗೆ ಪಕ್ಕದ ಮನೆಯ ಅಜ್ಜ ಮೆಲ್ಲಗೆ ಕೇಳಿದರು.

"ಅದ್ರೊಳಗೆ ಜನ ಕೂತಿರ್ತಾರಾ?"

ಎರಡನೇ ಮಗಳ ಮದುವೆಯ ಹೊತ್ತಿಗೆ ಮಾವ ಹುಷಾರಾಗಿದ್ದರು. ಹುಡುಗನನ್ನು ನೋಡುವ ಮುಂಚೆ ಅವನು ಮಾಡಿದ ಸೀರೆಯನ್ನು ತರಿಸಿ, ಅಂಚು, ಸೆರಗು ಎಲ್ಲ ಬೆರಳಲ್ಲಿ ಉಜ್ಜಿ ನೋಡಿಯೇ ಒಪ್ಪಿದರು. ಷಡ್ಡಕ ಬಂದಿದ್ದು ಹಾಗೆ.

ಉಪ್ಪಿಟ್ಟಿನವನು

ಒಂದು ಪಂದ್ಯದಲ್ಲಿ ಪೂರ್ತಿ ನನ್ನ ಬಿಲ್ಲೆಗಳನ್ನೇ ಬಳಸಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಬಹುಮಾನ ಕೊಡುವುದನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸುತ್ತಾರೆ, ಮಾವನಿಗೆ ನೋಡಲು ಹೇಳು ಅಂತ ಹೆಂಡತಿಗೆ ಹೇಳಿದ್ದೆ. ಗೆದ್ದವನು ನನ್ನ ಬಿಲ್ಲೆಯ ಹೆಸರು ಹೇಳದೇ ಇರುತ್ತಾನೆಯೇ ಅನ್ನುವ ಧೈರ್ಯ.

ಗೆದ್ದವನು ಮೈಕ್ ಹಿಡಿದು ತಾಯಿಗೆ ಥ್ಯಾಂಕ್ಸ್ ಹೇಳಿದ. ಕೋಚಿಗೆ ಹೇಳಿದ. ಕೋವಿ ಮಾಡಿದವರಿಗೆ, ಷೂ ಕೊಟ್ಟವರಿಗೆ ಹೇಳಿದ. ಬೆಳಿಗ್ಗೆ ಬಿಸಿಬಿಸಿ ಉಪ್ಪಿಟ್ಟು ಹಾಕಿದ ಕ್ಯಾಂಟೀನಿನ ಭಟ್ಟರನ್ನು ವೇದಿಕೆಗೇ ಕರೆಸಿ ಕೈಮುಗಿದ. ಅಲ್ಲಿಗೆ ಮುಗಿಯಿತು. ಉಪ್ಪಿಟ್ಟಿನ ಮೇಲೆ ನನಗೆ ಅಷ್ಟು ಹೊಟ್ಟೆ ಉರಿದದ್ದು ಅದೇ ಮೊದಲು.

ತಡೆಯಲಾಗದೆ ಅವನ ಹತ್ತಿರ ಹೋದೆ. "ಸಾರ್, ಇವತ್ತು ನೀವು ಹೊಡೆದ ಬಿಲ್ಲೆಗಳೆಲ್ಲ ನನ್ನ ಡಿಸೈನು."

"ಓ, ನೀವೇನಾ?" ಅಂದ. ಮುಖ ಅರಳಿದ ಹಾಗೆ ಕಂಡಿತು. "ಎರಡು ತಪ್ಪಿಹೋದ್ವು ನೋಡಿ. ಯಾಕ್ರೀ, ಅವು ಸರಿಯಾಗಿ ಹಾರ್ಲೇ ಇಲ್ಲ?"

ಒಡೆದದ್ದೆಲ್ಲ ಅವನ ಕೈಚಳಕ, ಒಡೆಯದೆ ಹೋದದ್ದು ನನ್ನ ತಪ್ಪು. ಸಪ್ಪೆ ಮುಖ ಹೊತ್ತು ಬಸ್ ಹತ್ತುತ್ತಿದ್ದಾಗ ಮಾವನ ಫೋನ್ ಬಂತು. ಪೂರ್ತಿ ನೋಡಿದ್ದರಂತೆ. ನಾನು ಹತ್ತುವುದನ್ನು ಬಿಟ್ಟು ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತೆ.

"ಅಳಿಯಂದ್ರೇ, ಆ ಉಪ್ಪಿಟ್ಟಿನವರು ನಿಮ್ಗೆ ಪರಿಚಯನಾ?"

ಗುಲಾಬಿ ಪುಡಿ

ಫೈನಲ್‌ಗೆ ಬೇರೆ ಥರದ ಬಿಲ್ಲೆ ಬೇಕು. ಅದರ ಹೊಟ್ಟೆಯಲ್ಲಿ ಬಣ್ಣದ ಪುಡಿ ತುಂಬಿರುತ್ತದೆ, ಗುಂಡು ತಾಗಿದರೆ ಗಾಳಿಯಲ್ಲಿ ಗುಲಾಬಿ ಮೋಡ ಏಳುತ್ತದೆ, ದೂರದಲ್ಲಿ ಕೂತವರಿಗೂ ಹೊಡೆತ ಕಾಣುತ್ತದೆ. ಪುಡಿ ತುಂಬಿಯೂ ಬಿಲ್ಲೆ ಓಲಾಡದಂತೆ ಮಾಡಲು ಸಾಕುಸಾಕಾಯಿತು. ಒಂದು ಬೆಳಿಗ್ಗೆ ನಮ್ಮ ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ ಪರೀಕ್ಷೆ ಇಟ್ಟೆವು. ಕ್ಲಬ್ಬಿನಿಂದ ಬಂದಿದ್ದ ಆಟಗಾರ ಒಂದನ್ನೂ ಬಿಡದೆ ಹೊಡೆದ. ಮೋಡ ಎದ್ದದ್ದೇ ಎದ್ದದ್ದು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ಯಾರೂ ನೋಡಲಿಲ್ಲ.

ಷಡ್ಡಕನ ಮಗ್ಗಗಳು ದೊಡ್ಡಬಳ್ಳಾಪುರದಲ್ಲಿದ್ದರೂ, ನೂಲಿಗೆ ಬಣ್ಣ ಹಾಕಲು ಅವನು ಬಾಡಿಗೆಗೆ ಹಿಡಿದಿದ್ದ ಜಾಗ ನಮ್ಮ ಕಾಂಪೌಂಡಿನ ಆಚೆಯೇ ಇತ್ತು. ಆ ದಿನ ಕೆನೆಬಣ್ಣದ ರೇಷ್ಮೆ ನೂಲಿನ ಲಡಿಗಳನ್ನು ಒದ್ದೆಯಲ್ಲೇ ಸಾಲಾಗಿ ಒಣಹಾಕಿದ್ದ. ನಾನು ಓಡಿಹೋಗಿ ನೋಡುವಷ್ಟರಲ್ಲಿ ಎಲ್ಲದರ ಮೇಲೂ ಗುಲಾಬಿ ಚುಕ್ಕೆ. ಬಾಯಲ್ಲಿ "ಛೇ, ತಪ್ಪಾಯ್ತು ಕಣಪ್ಪಾ" ಅಂದೆ. ಒಳಗೆ ಒಂದು ಕಡೆ ತಂಪಾಯಿತು ಅನ್ನುವುದೂ ನಿಜ.

ಆ ತಂಪು ಬಹಳ ದಿನ ಉಳಿಯಲಿಲ್ಲ. ಹೊಸ ನೂಲು ತರಲು ಹೊತ್ತಿಲ್ಲದೆ ಅವನು ಅದನ್ನೇ ನೇಯಿಸಿಬಿಟ್ಟ. ನಾದಿನಿ ಆ ಸೀರೆಗಳಲ್ಲೊಂದನ್ನು ಉಟ್ಟು ಒಂದು ಗೃಹಪ್ರವೇಶಕ್ಕೆ ಬಂದಳು. ಹೆಂಗಸರೆಲ್ಲ ಹೊಸ ಮನೆ ನೋಡುವುದು ಬಿಟ್ಟು ಅವಳ ಸೆರಗು ನೋಡಿದರು. ಮಾವ ಎಲ್ಲರ ಮುಂದೆ ಷಡ್ಡಕನ ಬೆನ್ನು ತಟ್ಟಿ "ಭೇಷ್" ಅಂದರು. ನನ್ನ ಹೆಂಡತಿಯೂ ತನಗೊಂದು ಬೇಕು ಅಂದಳು.

"ಮಾವ, ಆ ಬಣ್ಣ ನಂದು" ಅಂದೆ.

"ಬಣ್ಣ ಯಾರಾದ್ರೂ ಚೆಲ್ತಾರೆ ಅಳಿಯಂದ್ರೇ. ನೇಯೋದು ಕಷ್ಟ."

ಮಾರನೆಯ ವಾರ ಷಡ್ಡಕ ಕಾಂಪೌಂಡಿನ ಮೇಲಿಂದ ತಲೆ ಹಾಕಿದ. "ಅಣ್ಣಾ, ಈ ಸಲ ನೀಲಿ ಹೊಡಿಸ್ತೀರಾ? ಆರ್ಡರ್ ಬಂದೈತೆ."

ಭೇಷ್

ಹಾಗಾಗಿ ಈ ಬೇಸಿಗೆಯಲ್ಲಿ ಹೊಸ ಬಿಲ್ಲೆಯ ಪರೀಕ್ಷೆ ನಿಗದಿಯಾದಾಗ ನಾನು ಹಟ ತೊಟ್ಟೆ. ತುಸು ಡಾಂಬರು ಹೆಚ್ಚು ಹಾಕಿ, ಅಂಚು ತೆಳ್ಳಗೆ ಮಾಡಿ, ಮುಟ್ಟಿದರೆ ಪುಡಿಯಾಗುವ ಹಾಗೆ ತಯಾರಿಸಿದ್ದೆ. ದೇವನಹಳ್ಳಿ ಹತ್ತಿರದ ಆವತಿ ಊರಿನ ಬಯಲಿನಲ್ಲಿ ಪರೀಕ್ಷೆ. ಕೊಳ್ಳುವ ಕ್ಲಬ್ಬಿನವರು ಬರುತ್ತಾರೆ, ನಮ್ಮ ಧಣಿ ಬರುತ್ತಾರೆ. ನಾನು ಮಾವನನ್ನೂ ಕರೆದೆ. ಉರಿಯಲಿ ಅಂತ ಷಡ್ಡಕನನ್ನೂ ಕರೆದೆ. ಅವನಿಗೆ ಮಗ್ಗದ ಕೆಲಸವಂತೆ, ಬರಲಿಲ್ಲ.

ಮಾವ ಬೆಳಿಗ್ಗೆಯೇ ಬಂದರು. ಆ ಬಯಲಿಗೆಲ್ಲ ಒಂದೇ ಒಂದು ಶಾಮಿಯಾನ, ಅದರಡಿ ಬಿಲ್ಲೆಯ ಪೆಟ್ಟಿಗೆಗಳು. ಮಾವನಿಗೆ ಬಿಸಿಲು ತಾಗಬಾರದು ಅಂತ ನಾನೇ ಪೆಟ್ಟಿಗೆಗಳನ್ನು ಹೊರಗೆ ಸರಿಸಿ, ಅವರಿಗೆ ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟೆ. ಕ್ಲಬ್ಬಿನವರು ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಡಾಂಬರಿಗೆ ಬಿಸಿಲು ಕುಡಿಸಿದರೆ ಏನಾಗುತ್ತದೆ ಅನ್ನುವುದು ನಮ್ಮೂರಿನ ರಸ್ತೆಯಲ್ಲಿ ಚಪ್ಪಲಿ ಕಳೆದುಕೊಂಡವರಿಗೆಲ್ಲ ಗೊತ್ತು. ನನಗೆ ಮಾತ್ರ ಆ ಹೊತ್ತಿಗೆ ಮರೆತಿತ್ತು.

ಆಟಗಾರ ಕೂಗಿದ. ಬಿಲ್ಲೆ ಹಾರಿತು. ಢಂ ಅಂತ ಹೊಡೆದ. ಬಿಲ್ಲೆ ತನ್ನ ಪಾಡಿಗೆ ತಾನು ಹೋಗಿ ಹುಲ್ಲಿನ ಮೇಲೆ ಕೂತಿತು. ಇನ್ನೊಂದಕ್ಕೆ ಹೊಡೆದ, ಅದೂ ಹೋಗಿ ಪಕ್ಕದಲ್ಲಿ ಕೂತಿತು. ಆಟಗಾರ ಕೋವಿಯನ್ನು ಕೀಲಿನಲ್ಲಿ ಮಡಚಿ ನಳಿಕೆಯ ಒಳಗೆ ನೋಡಿದ.

ನಾನು ಓಡಿಹೋಗಿ ಒಂದನ್ನು ಎತ್ತಿಕೊಂಡು ಬಂದೆ. ಹೋಳಿಗೆಯ ಹಾಗೆ ಮೆತ್ತಗಾಗಿತ್ತು. ತೋಟಾದೊಳಗಿನ ಸೀಸದ ಸಣ್ಣ ಗುಂಡುಗಳು ಜರಡಿಯ ಹಾಗೆ ತೂತು ಮಾಡಿಕೊಂಡು ಆಚೆ ಹೋಗಿದ್ದವು, ಒಂದು ಚೂರೂ ಕಿತ್ತಿರಲಿಲ್ಲ. ಧಣಿ ಹಲ್ಲು ಕಚ್ಚಿಕೊಂಡು ನನ್ನ ಕಿವಿಯ ಹತ್ತಿರ ಕೇಳಿದರು.

"ಹೆಂಗ್ರೀ ಮಾಡಿದ್ರಿ, ಒಡೀದಂಗೆ?"

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಮಾವ ಕುರ್ಚಿಯಿಂದ ಎದ್ದು ಬರುತ್ತಿದ್ದರು. ನನ್ನ ಕೈಯಿಂದ ಬಿಲ್ಲೆ ಕಿತ್ತುಕೊಂಡು ತೂತುಗಳ ಮೇಲೆ ಬೆರಳಾಡಿಸಿದರು, ಸೀರೆಯ ಅಂಚು ನೋಡಿದ ಹಾಗೆಯೇ.

"ಭೇಷ್ ಅಳಿಯಂದ್ರೇ, ಭೇಷ್. ಅಷ್ಟು ದೊಡ್ಡ ಕೋವೀಲಿ ಹೊಡೆದ್ರೂ ಚೂರೂ ಅಲ್ಲಾಡಿಲ್ಲ. ಮಾಲು ಅಂದ್ರೆ ಇದು." ಆಮೇಲೆ ಕ್ಲಬ್ಬಿನವರ ಕಡೆ ತಿರುಗಿದರು. "ಸ್ವಾಮಿ, ಕಣ್ಮುಚ್ಕೊಂಡು ತಗೊಳ್ಳಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳಿಕೆ ಬರ್ತದೆ."

ಕ್ಲಬ್ಬಿನವರು ನಕ್ಕೂ ನಕ್ಕೂ ಕೂತುಬಿಟ್ಟರು. ನೆರಳಿನಲ್ಲಿಟ್ಟ ಬಿಲ್ಲೆಗಳನ್ನು ಇನ್ನೊಂದು ದಿನ ತನ್ನಿ ಅಂದರು. ಧಣಿ ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ಇಷ್ಟು ವರ್ಷ ಕಾದಿದ್ದ ಭೇಷ್ ಬಂತು, ಕೆಲಸ ಪೂರ್ತಿ ಕೆಟ್ಟ ದಿನವೇ ಬಂತು. ಆದರೂ ಕೇಳಲು ಬಹಳ ಚೆನ್ನಾಗಿತ್ತು.

ಮಾವ ಆ ಬಿಲ್ಲೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಂದಗುಡಿಗೆ ಒಯ್ದು ಶೋಕೇಸಿನಲ್ಲಿ ಇಟ್ಟರು. ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಬಂದವರಿಗೆಲ್ಲ ತೆಗೆದು ತೋರಿಸಿದರು. ಷಡ್ಡಕನ ಸೀರೆಯ ಮಾತು ಯಾರೂ ಎತ್ತಲಿಲ್ಲ. ಅವನು ಶೋಕೇಸಿನ ಮುಂದೆ ಬಹಳ ಹೊತ್ತು ನಿಂತಿದ್ದು ಊಟಕ್ಕೆ ನನ್ನ ಪಕ್ಕದಲ್ಲಿ ಬಂದು ಕೂತ. ಮುಖ ಬಾಡಿತ್ತು.

"ಅಣ್ಣಾ, ಆ ಗುಲಾಬಿ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಡ್ತು. ತಗೊಂಡೋರೆಲ್ಲ ವಾಪಸ್ ತರ್ತಾವ್ರೆ." ಶೋಕೇಸಿನ ಕಡೆ ನೋಡುತ್ತಾ ಕೇಳಿದ. "ಹೆಂಗಣ್ಣಾ ಮಾಡಿದ್ರಿ, ಒಡೀದಂಗೆ?"

ಧಣಿ ಕೇಳಿದ್ದೂ ಇದೇ ಪ್ರಶ್ನೆ. ಆ ದಿನ ಹೊಳೆಯದ ಉತ್ತರ ಈಗ ತಾನಾಗಿಯೇ ಬಂತು. ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು ಹೇಳಿದೆ.

"ಅದೆಲ್ಲ ಅನುಭವದ ಮೇಲೆ ಬರ್ತದೆ ಕಣಪ್ಪಾ."