ಪಕ್ಕದ ಮನೆ ಇರಾನಿ ಮೇಷ್ಟ್ರು ಹಿಡಿದ ದೋಷಗಳು

ಬಾಯಿ ಅಂತ ಒಂದು ಇದ್ದ ಮೇಲೆ ಫಜೀತಿ ಆಗುತ್ತಲೇ ಇರುತ್ತೆ. ನನಗಂತೂ ಸ್ವಲ್ಪ ಜಾಸ್ತೀನೇ. ಪರದೇಶದಲ್ಲಿ ನಾವಿರುವ ಟ್ರುಗನಿನಾದಲ್ಲಿ ನಮ್ಮ ಪಕ್ಕದ ಮನೆಯವರು ಇರಾನಿನ ರಿಟೈರ್ಡ್ ಮೇಷ್ಟ್ರು. ಅರಬ್ಬಿ, ಫಾರ್ಸಿ ಅಲಂಕಾರಶಾಸ್ತ್ರ ಕಲಿಸಿದವರು. ಮಾತಿನ ಸೊಗಸಿಗಿಂತ ಮೊದಲು ಅದರ ದೋಷ ಕಲೀಬೇಕು ಅಂತಾರೆ. ಇಂಥವರು ನನ್ನ ಪಕ್ಕಕ್ಕೇ ಬಂದದ್ದು ನನ್ನ ಪುಣ್ಯ.

ವಂದನಾರ್ಪಣೆ

ನಮ್ಮ ಕನ್ನಡ ಕೂಟದ ದೀಪಾವಳಿಗೆ ಅವರನ್ನೂ ಕರೆದಿದ್ದೆ. ವಂದನಾರ್ಪಣೆ ನನ್ನದು. ಹಾಲ್ ಬುಕ್ ಮಾಡಿದವರಿಂದ ಹಿಡಿದು ಪಾರ್ಕಿಂಗ್ ತೋರಿಸಿದವರವರೆಗೆ ಒಬ್ಬರನ್ನೂ ಬಿಡಲಿಲ್ಲ. ಕೆಳಗಿಳಿದು, "ಹೇಗಿತ್ತು ಸರ್?" ಅಂದೆ.

"ನಿಮ್ಮ ಭಾಷೆ ನನಗೆ ಬರಲ್ಲ. ಆದರೂ ದೋಷ ಗೊತ್ತಾಯಿತು. ಮಾತು ಕೇಳುವವರ ಸ್ಥಿತಿಗೆ ಹೊಂದಬೇಕು, ಅದು ನಮ್ಮ ಮೊದಲ ಪಾಠ. ಇಲ್ಲಿ ಎಲ್ಲರೂ ಬಿಸಿಬೇಳೆಬಾತಿನ ಪಾತ್ರೆ ನೋಡ್ತಾ ಇದ್ದರು," ಅಂದರು.

ಕಾರ್ಪೆಟ್

ಒಮ್ಮೆ ಅವರ ಮನೆಯ ಕಾರ್ಪೆಟ್ ನೋಡಿ, "ಎಷ್ಟು ಚೆನ್ನಾಗಿದೆ!" ಅಂದೆ.

"ನಿಮ್ಮದೇ, ತಗೊಳ್ಳಿ."

"ಛೇ, ಬೇಡ ಸರ್."

"ನನ್ನ ಪ್ರಾಣವೇ ನಿಮ್ಮದು, ಕಾರ್ಪೆಟ್ ಯಾವ ಲೆಕ್ಕ!"

ಇಷ್ಟು ಹೇಳಿದ ಮೇಲೂ ಬೇಡ ಅಂದರೆ ಮರ್ಯಾದೆಯೇ? ಸುತ್ತೋಕೆ ಶುರು ಮಾಡಿದೆ. ಪಾಪ, ಇನ್ನೊಂದು ತುದಿ ಅವರೇ ಹಿಡಿದುಕೊಂಡು ನಮ್ಮನೆವರೆಗೂ ಬಂದರು. ನನ್ನ ಹೆಂಡತಿ ಬಾಗಿಲಲ್ಲೇ ತಡೆದಳು: "ರೀ, ಅದು ಉಪಚಾರದ ಮಾತು ಕಣ್ರೀ! ವಾಪಸ್ ಹಾಸಿ ಬನ್ನಿ."

ಮೇಷ್ಟ್ರು ಬೆವರು ಒರೆಸಿಕೊಂಡರು. "ದೋಷ ನನ್ನದು. ನಂಬಿಬಿಡುವವರ ಮುಂದೆ ಅತಿಶಯೋಕ್ತಿ ಬಳಸಬಾರದು."

ಟ್ರಿಪಲ್ ಝೀರೋ

ಹೋದ ಚಳಿಗಾಲ, ಮೇಷ್ಟ್ರು ಟೀಗೆ ಬಂದಿದ್ದಾಗಲೇ ನನ್ನ ಹೆಂಡತಿ ಎದೆ ಹಿಡಿದುಕೊಂಡು ಕುಸಿದಳು. ಇಲ್ಲಿನ ತುರ್ತು ನಂಬರ್ ಟ್ರಿಪಲ್ ಝೀರೋಗೆ ಫೋನ್ ಮಾಡಿದೆ. ಆಗಲೂ ಬಾಯಿ ತನ್ನ ಚಾಳಿ ಬಿಡಲಿಲ್ಲ: "ಮೇಡಂ, ತಮ್ಮ ಬಿಡುವಿಲ್ಲದ ಕೆಲಸದ ನಡುವೆ ತೊಂದರೆ ಕೊಡುತ್ತಿರುವುದಕ್ಕೆ ಮೊದಲಿಗೆ ಕ್ಷಮೆ ಕೋರುತ್ತಾ..."

ಮೇಷ್ಟ್ರು ಫೋನ್ ಕಿತ್ತುಕೊಂಡರು. "ಆಂಬುಲೆನ್ಸ್. ಹಾರ್ಟ್." ಅಡ್ರೆಸ್ ಹೇಳಿದರು, ಅಷ್ಟೇ.

ಆಂಬುಲೆನ್ಸ್ ಬೇಗ ಬಂತು. ಅವಳು ಉಳಿದಳು.

ಅವಳು ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಅವರ ಮನೆಗೆ ಹೋದೆವು. ದೊಡ್ಡ ಭಾಷಣವನ್ನೇ ಬಾಯಿಪಾಠ ಮಾಡಿದ್ದೆ. ಅವರು ಬಾಗಿಲು ತೆಗೆದರು. ಅವರ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಒಂದು ಮಾತೂ ಹೊರಡಲಿಲ್ಲ. ಆ ಋಣ ಯಾವ ಮಾತಲ್ಲಿ ತೀರುತ್ತೆ, ಹೇಳಿ?

ಮೇಷ್ಟ್ರ ಕಣ್ಣೂ ಒದ್ದೆಯಾಗಿತ್ತು. "ಇವತ್ತು ಒಂದು ದೋಷವೂ ಇಲ್ಲ," ಅಂದರು.

ನನ್ನ ಹೆಂಡತಿ ಉಸ್ಸಪ್ಪಾ ಅಂತ ಅಲ್ಲೇ ಕುರ್ಚಿ ಎಳೆದು ಕೂತಳು. "ನೋಡಿ ಸರ್, ಇವರ ಬಾಯಿ ಮುಚ್ಚಿಸೋಕೆ ನನಗೆ ಹಾರ್ಟ್ ಅಟ್ಯಾಕೇ ಆಗಬೇಕಾಯಿತು!"