ಗೌಡರ ಎರಿ ಹೊಲದಲ್ಲಿ ಹಾಕಿ

ನಗಬಾರದೆಂದು ಹಲ್ಲು ಕಚ್ಚಿ ನಿಂತಲ್ಲೇ ನಗು ಬರುವುದು ನನ್ನ ನೌಕರಿಯ ಹಣೆಬರಹ. ಎಪ್ಪತ್ತರ ದಶಕದಲ್ಲಿ ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಆಟದ ಮಾಸ್ತರ. ಸಣ್ಣ ಹುಡುಗರ ಹಾಕಿ ತಂಡ ಕಟ್ಟಿದೆ. ಶಾಲೆಗೆ ಮೈದಾನವಿರಲಿಲ್ಲ. ಊರ ಗೌಡರು ಬಾಜೂಕಿನ ಕರಿಮಣ್ಣಿನ ಎರಿ ಹೊಲ ಬಿಟ್ಟುಕೊಟ್ಟು, "ನಾಕ ವರ್ಷ ಆಡ್ರಿ. ಒಂದ ಮ್ಯಾಚ್ ಗೆದ್ರೂ ಹೊಲಾ ಸಾಲಿಗೆ. ಗೆಲ್ಲಲಿಲ್ಲಂದ್ರ ನಾ ಹತ್ತಿ ಬಿತ್ತಾಂವ" ಎಂದರು. ಹೊಲ ಹೋದರೆ ತಂಡವೂ ಹೋದಂತೆಯೇ.

ಮೊದಲನೇ ವರ್ಷ

ಪೇಟೆಯಿಂದ ಹಾಕಿ ಕೋಲು ಬರುವುದು ತಡವಾಯಿತು. ಊರಿನ ಬಡಿಗೇರ ಕಾಕಾನಿಗೆ ಮಾದರಿ ತೋರಿಸಿದೆ. ಹರಗುವ ಕುಂಟಿ, ಬಿತ್ತುವ ಕೂರಿಗಿ ಮಾಡಿ ಪಳಗಿದ ಕೈ. ಜಾಲಿ ಕಟ್ಟಿಗೆಯಲ್ಲಿ ಅಷ್ಟೇ ಗಟ್ಟಿಯಾಗಿ ಮಾಡಿಕೊಟ್ಟರು. ನಮ್ಮ ಹುಡುಗರು ಕೋಲು ಎತ್ತುವಷ್ಟರಲ್ಲಿ ಎದುರಿನವರು ಗೋಲು ಹೊಡೆದು ವಾಪಸು ಬಂದಿರುತ್ತಿದ್ದರು. ಕೊನೆಗೆ ಒಬ್ಬ ಸಿಟ್ಟಿನಿಂದ ಬೀಸಿದ ಏಟಿಗೆ ಚೆಂಡೇ ಒಡೆದು ಹೋಳಾಯಿತು. ಕಾಕಾ ಬಂದು ಕೋಲನ್ನು ತಿರುಗಿಸಿ ನೋಡಿದರು.

"ಕೋಲಿಗೆ ಏನೂ ಆಗಿಲ್ಲಲ್ರಿ ಮಾಸ್ತರ. ಚೆಂಡ್ ಮಾಡಿದಾಂವನ್ನ ಹಿಡೀರಿ."

ಎರಡನೇ ವರ್ಷ

ಪಂದ್ಯದ ದಿನವೇ ಮಳೆ. ಎರಿ ಮಣ್ಣು ನೆನೆದರೆ ಚಪ್ಪಲಿಯನ್ನೂ ಬಿಡುವುದಿಲ್ಲ, ಕಾಲನ್ನೂ ಬಿಡುವುದಿಲ್ಲ. ಗೋಲು ಕಾಯುವ ನಮ್ಮ ಗೋಲಿ ಮೊಣಕಾಲಿನವರೆಗೆ ಹೂತು ನಿಂತ. ಚೆಂಡು ಆಚೆಯಿಂದ, ಈಚೆಯಿಂದ ಒಳಗೆ ಹೋಗುತ್ತಲೇ ಇತ್ತು. ಶಾಲೆ ನೋಡಲು ಬಂದಿದ್ದ ಸಾಹೇಬರು ಮಾತ್ರ ಕೊಡೆ ಹಿಡಿದು ಮೆಚ್ಚಿಕೊಂಡರು: "ಏನೇ ಆಗಲಿ, ನಿಮ್ಮ ಹುಡುಗ ಎದೆಗುಂದಿ ಓಡಿ ಹೋಗಲಿಲ್ಲ!"

ಆಟ ಮುಗಿದ ಮೇಲೆ ಅವನನ್ನು ಕಿತ್ತು ತೆಗೆಯಲು ನಾವು ಹಗ್ಗ ತರಿಸಿದ್ದನ್ನು ಸಾಹೇಬರಿಗೆ ಯಾರೂ ಹೇಳಲಿಲ್ಲ.

ಮೂರನೇ ವರ್ಷ

ಆಟ ಪಕ್ಕದ ಊರಿನಲ್ಲಿ. ಅಂದು ನಾವು ಗೆಲ್ಲಲೇಬೇಕಿತ್ತು, ಹುಡುಗರು ಅಷ್ಟು ಚೆನ್ನಾಗಿ ಆಡುತ್ತಿದ್ದರು. ಆದರೆ ನಮ್ಮ ಹುಲಿಯಂಥ ಆಟಗಾರ ಗೋಲಿನ ಮುಂದೆ ಹೋದಾಗಲೆಲ್ಲ ಚೆಂಡನ್ನು ಮೆಲ್ಲಗೆ ಹೊರಗೆ ದಬ್ಬಿ ಬರುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಏನಾಗೇತ್ಲೇ ನಿನಗ?"

"ಗೋಲ್‌ನಾಗ ನಿಂತಾಂವ ನಮ್ಮಕ್ಕನ ಮೈದುನ ರೀ ಸರ. ನಾ ಹೊಡದ್ರ ನಾಗರ ಪಂಚಮಿಗೆ ಅಕ್ಕನ್ನ ತವರಿಗೆ ಕಳಸೂದಿಲ್ರಿ."

ಸೋತೆವು. ಪಂಚಮಿಗೆ ಅಕ್ಕ ಬಂದಳು, ನನಗೂ ಒಂದು ಶೇಂಗಾ ಉಂಡಿ ಕಳಿಸಿದಳು.

ನಾಲ್ಕನೇ ವರ್ಷ

ಕೊನೆಯ ಪಂದ್ಯ ನಮ್ಮೂರಲ್ಲೇ. ಅದುವರೆಗೂ ಒಂದನ್ನೂ ಗೆದ್ದಿರಲಿಲ್ಲ. ಗೌಡರಂತೂ ಎತ್ತು, ಕುಂಟಿ ತಂದು ಬದುವಿನ ಮೇಲೆ ನಿಲ್ಲಿಸಿಯೇ ಬಿಟ್ಟಿದ್ದರು. ನನಗೆ ಹುಡುಗರ ಮುಖ ನೋಡಲು ಆಗುತ್ತಿರಲಿಲ್ಲ.

ಎದುರು ತಂಡ ಮಧ್ಯಾಹ್ನದ ರೈಲಿಗೆ ಬಂದಿಳಿಯಿತು. ಊರಿಗೆ ಬಂದವರು ಉಣ್ಣದೆ ಆಡುವುದೆಂದರೆ ಗೌಡರ ಮನೆತನಕ್ಕೆ ಅವಮಾನ. ಪಡಸಾಲೆಯಲ್ಲಿ ಪಂಕ್ತಿ ಕೂಡಿಸಿ, ಹೂರಣದ ಹೋಳಿಗೆಯ ಮೇಲೆ ತುಪ್ಪವನ್ನು ಗೌಡರೇ ಸುರಿದರು. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರ ಕೈ ಸರಿಸಿ, "ಹರೇದ ಹುಡುಗ್ರು, ಇಷ್ಟಕ್ಕ ಸಾಕಂದ್ರ ಹೆಂಗ? ನನ್ನಾಣಿ, ಇನ್ನೊಂದ" ಎಂದು ಬಡಿಸಿದರು. ಅಂಪೈರ್ ಆಗಿದ್ದ ಎದುರು ತಂಡದ ಮಾಸ್ತರರನ್ನೂ ಬಿಡಲಿಲ್ಲ.

ನಮ್ಮ ಹುಡುಗರು? ಮನೆಯವರು ಬಂದವರಿಗಿಂತ ಮೊದಲು ಉಣ್ಣುವಂತಿಲ್ಲ. ಬಂದವರ ಪಂಕ್ತಿ ಏಳುವಷ್ಟರಲ್ಲಿ ಆಟದ ಹೊತ್ತಾಗಿ, ನಮ್ಮವರು ಹಸಿದ ಹೊಟ್ಟೆಯಲ್ಲೇ ಮೈದಾನಕ್ಕಿಳಿದರು.

ಆಟ ಶುರುವಾಯಿತು. ಎದುರಿನವರು ಹೊಟ್ಟೆ ಹಿಡಿದುಕೊಂಡು ನಡೆದಾಡಿದರು. ಅವರ ಗೋಲಿ ಕಂಬಕ್ಕೆ ಒರಗಿ ತೂಕಡಿಸಿದ. ಅಂಪೈರರಿಗೆ ಸೀಟಿ ಊದುವಷ್ಟೂ ಉಸಿರಿರಲಿಲ್ಲ, ಕೈಸನ್ನೆಯಲ್ಲೇ ಆಟ ನಡೆಸಿದರು. ನಮ್ಮವರು, "ಲಗೂ ಹೊಡೀರಿಲೇ, ಹೋಳಿಗಿ ಆರಾಕ್ಹತ್ಯಾವು!" ಎಂದು ಕೂಗುತ್ತ ಗೋಲಿನ ಮೇಲೆ ಗೋಲು ಹೊಡೆದರು.

ಗೆದ್ದೆವು! ನಾನು ನಾಚಿಕೆ ಬಿಟ್ಟು ಕುಣಿದೆ. ಊರಿನವರೆಲ್ಲ ಗೌಡರನ್ನು ಸುತ್ತುವರಿದು, "ನಿಮ್ಮಿಂದನ ಗೆದ್ವಿ ನೋಡ್ರಿ ಗೌಡ್ರ" ಎಂದು ಕಾಲಿಗೆ ಬಿದ್ದರು. ಗೌಡರು ಬದುವಿನ ಮೇಲಿನ ಎತ್ತುಗಳ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಹೇಳಿದರು:

"ಮಾಸ್ತರ, ಇನ್ನ ಮುಂದ ಆಟ ಮೊದಲ, ಊಟ ಆಮ್ಯಾಲ."