ಮೂಗಣ್ಣನ ಜಲಜನಕ

ಹಾಲು ಉಕ್ಕಿ, ಹೊತ್ತಿ, ಪಾತ್ರೆಯ ತಳ ಕಪ್ಪಾಗಿ, ಹೊಗೆ ಅಡುಗೆಮನೆಯಿಂದ ಹೊರಟು ಹಜಾರ ಸುತ್ತಿ ಎದುರುಮನೆಯನ್ನೂ ಮಾತಾಡಿಸಿಕೊಂಡು ಬಂದಿತ್ತು. ಒಲೆಯ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದ ಮೂಗಣ್ಣನಿಗೆ ಮಾತ್ರ ಸುದ್ದಿಯೇ ಇಲ್ಲ.

"ಏನ್ರೀ! ನಿಮಗೆ ಮೂಗಿದೆಯೋ ಇಲ್ವೋ?" ಹೆಂಡತಿ ಓಡಿ ಬಂದು ಒಲೆ ಆರಿಸಿದಳು.

ಮೂಗಣ್ಣ ಗಾಬರಿಯಿಂದ ಮುಟ್ಟಿ ನೋಡಿಕೊಂಡ. ಮೂಗಿತ್ತು. ನಿನ್ನೆ ಇದ್ದ ಜಾಗದಲ್ಲೇ ಇತ್ತು. ಒಳಗೆ ಮಾತ್ರ ಯಾರೋ ರಾತ್ರೋರಾತ್ರಿ ಸಿಮೆಂಟು ಸುರಿದಂತಿತ್ತು. ಬೆಳ್ಳುಳ್ಳಿ ಮೂಸಿದ. ಏನೂ ಇಲ್ಲ. ವಾರದಿಂದ ಬೂಟಿನೊಳಗಿದ್ದ ಕಾಲುಚೀಲ ಮೂಸಿದ. ಅದೂ ಸಂಭಾವಿತರಂತೆ ಸುಮ್ಮನಿತ್ತು.

"ದೆಗಡಿ ಕಡೇ!" ಎಂದು ಚೀರಿದ. ನೆಗಡಿ ಕಣೇ ಎಂದು ಅವನ ಅಭಿಪ್ರಾಯ. ಕಟ್ಟಿದ ಮೂಗಿನ ವ್ಯಾಕರಣವೇ ಬೇರೆ. 'ಮ' ಎನ್ನಹೋದರೆ 'ಬ' ಬರುತ್ತದೆ, 'ನ' ಎನ್ನಹೋದರೆ 'ದ'.

ಬೇರೆಯವರಿಗೆ ನೆಗಡಿಯಾದರೆ ರಜೆ ಹಾಕಿ ಹೊದ್ದು ಮಲಗುತ್ತಾರೆ. ಮೂಗಣ್ಣನಿಗೆ ಮೂಗೇ ನೌಕರಿ. ಮನೆಮನೆಗೆ ಪೈಪಿನಲ್ಲಿ ಅಡುಗೆ ಗ್ಯಾಸ್ ಕಳಿಸುವ ಕಂಪನಿಯಲ್ಲಿ ಅವನು ವಾಸನೆ ಪರೀಕ್ಷಕ. ಪೈಪಿನ ಗ್ಯಾಸಿಗೆ ಹುಟ್ಟಾ ವಾಸನೆಯಿಲ್ಲ. ಸೋರಿದರೆ ಜನಕ್ಕೆ ಗೊತ್ತಾಗಲೆಂದು ಕಂಪನಿಯೇ ಅದಕ್ಕೆ ಕೊಳೆತ ಮೊಟ್ಟೆಯಂಥ ನಾತ ಬೆರೆಸುತ್ತದೆ. ನಾತ ಹದವಾಗಿದೆಯೇ ಎಂದು ಮೂಸಿ ಹೇಳುವುದು ಅವನ ಕೆಲಸ. ಆ ಕೆಲಸ ಸೇರಿದ ದಿನ ಅಂಟಿದ 'ಮೂಗಣ್ಣ' ಎಂಬ ಹೆಸರು ಮನೆಯವರ ಬಾಯಲ್ಲೂ ನಿಂತುಬಿಟ್ಟಿತ್ತು.

ಇವತ್ತಂತೂ ಮೂಗಿನ ಮಹಾಯುದ್ಧ. ಊರ ಚರಂಡಿ, ಮಾರುಕಟ್ಟೆಯ ಕೊಳೆತ ತರಕಾರಿಗಳಿಂದ ತೆಗೆದ ಹೊಸ ಗ್ಯಾಸಿಗೆ ಒಂದಿಷ್ಟು ಜಲಜನಕವನ್ನೂ ಬೆರೆಸಿ ಮೊದಲ ಬಾರಿಗೆ ಪೈಪಿಗೆ ಬಿಡುವವರಿದ್ದರು. ಜೊತೆಗೆ ವಾಸನೆ ಹಿಡಿಯುವ ಹೊಸ ಯಂತ್ರವೂ ಬಂದಿತ್ತು. ಆಫೀಸಿನ ಸುದ್ದಿಯೆಲ್ಲ ಮೊದಲು ಬಿತ್ತರಿಸುವ ಅಟೆಂಡರ್ 'ರೇಡಿಯೋ' ನಿನ್ನೆಯೇ ಕಿವಿ ಕಚ್ಚಿದ್ದ: "ನಿನಗೂ ಯಂತ್ರಕ್ಕೂ ಪಂದ್ಯ ಕಣಯ್ಯಾ! ಒಬ್ಬರು ಇಲ್ಲೇ ಇರ್ತಾರೆ, ಇನ್ನೊಬ್ಬರು ಆಚೆಗೆ. ದೊಡ್ಡ ಸಾಹೇಬ್ರು ಫೋನಲ್ಲಿ ಹೇಳಿದ್ದನ್ನ ಈ ಕಿವೀಲೇ ಕೇಳ್ದೆ!"

ಹೊಗೆಯ ಜಾಡು ಹಿಡಿದು ನೆರೆಹೊರೆ ಬಂತು. ಪರರ ವಿಷಯದಲ್ಲಿ ಮೂಗು ತೂರಿಸುವುದು ಅವರಿಗೆ ಹಳೆಯ ಅಭ್ಯಾಸ. ಮೂಗಿನ ವಿಷಯದಲ್ಲೇ ಮೂಗು ತೂರಿಸುವ ಅವಕಾಶ ಇದೇ ಮೊದಲು.

"ಹೆದರದಿರು ವತ್ಸ!" ಮಹಡಿ ಮನೆಯ ನಿವೃತ್ತ ಮೇಷ್ಟ್ರು ಪಾಠದ ದನಿ ತೆಗೆದರು. "ನಾಸಿಕವೆಂಬುದು ಎರಡು ಬಾಗಿಲಿನ ಮನೆ. ಆವಿಯಿಂದ ತಟ್ಟಿದರೆ ತಾನೇ ತೆರೆಯುವುದು!"

"ನಿಮ್ಮ ಆವಿ ಬಾವಿಗ್ಹಾಕಿ!" ಎದುರುಮನೆ ಅಜ್ಜಿ ಸೆರಗು ಸಿಕ್ಕಿಸಿದರು. "ಬೆಳ್ಳುಳ್ಳಿ ಜಜ್ಜಿ ಎದೆಗೆ ಬಳೀಬೇಕು. ನಮ್ಮನೆಯವರಿಗೆ ಹಾಗೇ ಮಾಡ್ತಿದ್ದೆ."

"ಈಗವರು ಎಲ್ಲಿ ಅಜ್ಜಿ?" ಮೂಗಣ್ಣ ಕೇಳಿದ.

"ಅದು ಬೇರೆ ಕಾಯಿಲೇಲಿ ಹೋದ್ರು ಬಿಡಪ್ಪಾ. ಮೂಗು ಮಾತ್ರ ಕೊನೇವರೆಗೂ ಚೆನ್ನಾಗಿತ್ತು!"

ಮೇಷ್ಟ್ರು ಆವಿಯ ಪಾತ್ರೆಗೆ ಬಾಮಿನ ಡಬ್ಬಿಯನ್ನು ಪೂರ್ತಿ ಬಗ್ಗಿಸಿದರು. ಅಜ್ಜಿ ಬೆಳ್ಳುಳ್ಳಿ ಬಳಿದು, ಸಾಲದೆಂದು ಎರಡು ಹೋಳು ಈರುಳ್ಳಿಯನ್ನು ಅಂಗಿಯ ಜೇಬಿಗಿಳಿಸಿದರು. ಹೆಂಡತಿ ತನ್ನದೂ ಒಂದಿರಲೆಂದು ಕಾಳುಮೆಣಸಿನ ಪುಡಿಯನ್ನು ನೇರ ಮೂಗಿಗೇ ಊದಿದಳು. ಭಾರೀ ಸೀನೊಂದು ಹೊರಟಿತು. "ಆ... ಆ..." ಎಲ್ಲರೂ ಹಿಂದೆ ಸರಿದರು. ಸೀನು ಅರ್ಧ ದಾರಿಗೆ ಬಂದು, ಏನೋ ಮರೆತವರಂತೆ ವಾಪಸು ಹೋಯಿತು.

ಮೂಗು ತೆರೆಯಲಿಲ್ಲ. ಸೋರತೊಡಗಿತು. ಊರಿನ ಸೋರಿಕೆ ಹಿಡಿಯುವವನಿಗೇ ಈಗ ಸೋರಿಕೆ!

ಬಸ್ಸಿನಲ್ಲಿ ಅವನು ಕೂತ ಸಾಲು ಖಾಲಿಯಾಯಿತು, ಮುಂದಿನ ನಿಲ್ದಾಣದಲ್ಲಿ ಅದರ ಹಿಂದಿನ ಸಾಲೂ ಖಾಲಿಯಾಯಿತು. ಕಂಡಕ್ಟರ್ ದೂರದಿಂದಲೇ ಕೈ ಮುಗಿದು ಟಿಕೆಟ್ ಬೇಡವೆಂದ.

ಆಫೀಸಿನ ಬಾಗಿಲಲ್ಲೇ ರೇಡಿಯೋ ಎದುರಾದ. ಮೂಗಣ್ಣನ ಕರವಸ್ತ್ರ ಒದ್ದೆಯಾಗಿರುವುದನ್ನು ನೋಡಿ, "ಜಲಜನಕ ಹೊರಗಡೆಯಿಂದ ಟ್ಯಾಂಕರಲ್ಲಿ ಯಾಕೆ ತರಿಸಿದ್ರೋ! ಜಲಕ್ಕೇ ಜನಕ ನಿನ್ನ ಮೂಗು ಇಲ್ಲೇ ಇದ್ಯಲ್ಲಯ್ಯಾ!" ಎಂದ.

"ಬೆಲ್ಲಗೆ ಬಾತಾಡೋ, ಸಾಹೇಬ್ರಿಗೆ ಗೊತ್ತಾದ್ರೆ ಬದೆಗೆ ಕಳಿಸ್ತಾರೆ!"

"ಹಾಗಾದ್ರೆ ಬಾಯೇ ಬಿಡಬೇಡ. ನೀನು ಬಾಯಿ ಬಿಟ್ರೆ ಮೂಗು ಸಾಕ್ಷಿ ಹೇಳುತ್ತೆ."

ಹೀಗೆ ಮೂಗಣ್ಣ ಆ ಕ್ಷಣದಿಂದ ಮೂಗನಾದ.

ಪ್ರಯೋಗಶಾಲೆಯಲ್ಲಿ ಮೇಜಿನ ಮೇಲೆ ಮುಚ್ಚಳ ಹಾಕಿದ ಮೂರು ಜಾಡಿ. ಮೂರರಲ್ಲೂ ಹೊಸ ಗ್ಯಾಸು. ಒಂದಕ್ಕೆ ಮಾತ್ರ ನಾತ ಬೆರೆಸಿತ್ತು. ಅದ್ಯಾವುದೆಂದು ಹೇಳಬೇಕು. ಮೇಜಿನಾಚೆ ಲೆಕ್ಕದ ಮೇಡಂ ನಿಂತಿದ್ದರು. ನಾಲ್ಕು ಕೋಣೆಯಾಚೆ ಊಟದ ಡಬ್ಬಿ ತೆರೆದರೂ ಮುಖ ಕಿವುಚುವ ಸೂಕ್ಷ್ಮ ಜೀವ. ಮೂಗಣ್ಣನ ತಲೆಯಲ್ಲಿ ದೀಪ ಹೊತ್ತಿತು: ಅವರ ಮುಖ ನೋಡಿ ಉತ್ತರ ಹೇಳಿದರಾಯಿತು! ಆದರೆ ಅವನು ಹತ್ತಿರ ಬಂದದ್ದೇ ತಡ, ಮೇಡಂ ಕರವಸ್ತ್ರದಿಂದ ಮುಖವನ್ನೇ ಮುಚ್ಚಿಕೊಂಡರು. ಬೆಳ್ಳುಳ್ಳಿಯ ಮಹಿಮೆ.

ದೊಡ್ಡ ಸಾಹೇಬರು ಗಂಟಲು ಸರಿಪಡಿಸಿಕೊಂಡರು. "ಮಿತ್ರರೇ, ನಾಳಿನ ಜಗತ್ತು ಕಮ್ಮಿ ಇಂಗಾಲದ ಜಗತ್ತು! ಬಿಸಿಲಿನ ಕರೆಂಟು, ಗಾಳಿಯ ಕರೆಂಟು ಬರ್ತಾ ಇದೆ. ಆದ್ರೆ ಸೂರ್ಯ ಸಂಜೆ ಮನೆಗೆ ಹೋಗ್ತಾನೆ, ಗಾಳಿ ಮನಸ್ಸು ಬಂದ್ರೆ ಬೀಸುತ್ತೆ. ಆ ಹೊತ್ತಲ್ಲಿ ಒಲೆ ಉರಿಸೋರು ಯಾರು? ಗ್ಯಾಸು! ಅದೂ ನೆಲ ಬಗೆದು ತೆಗೆದದ್ದಲ್ಲ, ನಾವೇ ಬಿಸಾಡಿದ ಕಸದಿಂದ ತೆಗೆದದ್ದು! ಹಳೇ ಕಾಲದಿಂದ ಹೊಸ ಕಾಲಕ್ಕೆ ಇದೇ ಸೇತುವೆ!"

"ಸೇತುವೆ ಕೆಳಗೆ ಹರಿಯೋದು ಮಾತ್ರ ಚರಂಡಿ," ಎಂದು ರೇಡಿಯೋ ಪಿಸುಗುಟ್ಟಿದ.

ಮೊದಲ ಸರದಿ ಯಂತ್ರದ್ದು. ಅದರ ಇಂಜಿನಿಯರ್ ಹುಡುಗನನ್ನು ಎಲ್ಲರೂ 'ಬಟನ್' ಎನ್ನುತ್ತಿದ್ದರು. ಯಾವ ಪ್ರಶ್ನೆಗೂ ಗುಂಡಿಯೊತ್ತಿಯೇ ಉತ್ತರ ಕೊಡುವವನು. ಹೆಮ್ಮೆಯಿಂದ ಗುಂಡಿಯೊತ್ತಿದ. ಮೊದಲ ಜಾಡಿಯ ಮುಚ್ಚಳ ತೆಗೆಯುವ ಮುಂಚೆಯೇ ಯಂತ್ರ "ಕೀಂ... ಕೀಂ..." ಎಂದು ಬೊಬ್ಬೆಯಿಟ್ಟಿತು. ಎರಡನೆಯದಕ್ಕೂ ಬೊಬ್ಬೆ. ಮೂರನೆಯದಕ್ಕೂ ಬೊಬ್ಬೆ. ಮೂಗಣ್ಣ ಕುತೂಹಲದಿಂದ ಒಂದು ಹೆಜ್ಜೆ ಮುಂದೆ ಬಂದನೋ ಇಲ್ಲವೋ, ಅದು ಬಾಲ ತುಳಿದ ಬೆಕ್ಕಿನಂತೆ ಅರಚಿ, ಕೆಂಪು ದೀಪವನ್ನು ಮಿಟಮಿಟನೆ ಬಡಿದುಕೊಂಡು ಮೂರ್ಛೆ ಹೋಯಿತು.

"ಸಾರ್, ಮನೇಲಿ ಚೆನ್ನಾಗೇ ಕೆಲಸ ಮಾಡ್ತಿತ್ತು ಸಾರ್!" ಬಟನ್ ಅಳುವಂತಾದ.

"ಎಲ್ಲರೂ ಹಾಗೇ," ಎಂದರು ಸಾಹೇಬರು. "ಈಗ ನೀವು ಬನ್ರೀ."

ಮೂಗಣ್ಣ ಮೊದಲ ಜಾಡಿಗೆ ಮೂಗು ಹಿಡಿದ. ಶೂನ್ಯ. ಎರಡನೆಯದು. ಶೂನ್ಯ. ಹದಿನಾಲ್ಕು ವರ್ಷದ ಕೆಲಸ ಮೂಗಿನ ತುದಿಯಲ್ಲಿ ಹನಿಯಾಗಿ ತೂಗಾಡುತ್ತಿತ್ತು. ಮೂರನೆಯ ಮುಚ್ಚಳ ತೆಗೆದಾಗ ಉತ್ಸಾಹ ತಡೆಯದೆ ಸಾಹೇಬರೂ ಪಕ್ಕದಿಂದ ಬಗ್ಗಿದರು. ಅವರ ಮೂಗಿನ ತುದಿ ಎಲೆ ಮೂಸುವ ಮೊಲದಂತೆ ಪಟಪಟ ಅದುರಿತು, ಹುಬ್ಬು ಹಣೆಗೇರಿತು.

'ಮೂರನೇದು' ಎಂದರೆ 'ಬೂರದೇದು' ಆಗಿಬಿಡುತ್ತದೆ. ಮೂಗಣ್ಣ ಬೆರಳು ಚಾಚಿ ಗರ್ಜಿಸಿದ: "ಇದೇ!"

ಚಪ್ಪಾಳೆಯೋ ಚಪ್ಪಾಳೆ. ರೇಡಿಯೋ ಶಿಳ್ಳೆ ಹೊಡೆದ. ಮೇಡಂ ಕರವಸ್ತ್ರದೊಳಗಿಂದಲೇ "ಶಾಭಾಷ್" ಎಂದರು. ಮೂಗಣ್ಣನ ಮೂಗು ಚಾವಣಿ ಮುಟ್ಟಿತು.

"ಗೆದ್ರಿ ಕಣ್ರೀ!" ಸಾಹೇಬರು ಬೆನ್ನು ತಟ್ಟಿದರು. "ಸೋತ ಯಂತ್ರ ಇಲ್ಲೇ ಎಸಿ ರೂಮಲ್ಲಿ ಬಿದ್ದಿರಲಿ. ಊರಾಚೆ ಗುಂಡಿಯಿಂದ ಹೊಸ ಗ್ಯಾಸ್ ತೆಗೀತೀವಲ್ಲ, ಅಲ್ಲಿಗೆ ಒಂದು ಗಟ್ಟಿ ಮೂಗು ಹುಡುಕ್ತಾ ಇದ್ದೆ. ದಿನವಿಡೀ ಗುಂಡಿಯಂಚಲ್ಲಿ ನಿಂತು ಚರಂಡಿ ಹದವಾಗಿ ಕೊಳೀತಿದ್ಯಾ ಅಂತ ಮೂಸಿ ಹೇಳಬೇಕು. ಇವತ್ತಿಂದ ಅದು ನಿಮ್ಮದು!"

ರೇಡಿಯೋ ಸುಳ್ಳು ಹೇಳಿರಲಿಲ್ಲ. ಒಬ್ಬರು ಇಲ್ಲಿ, ಒಬ್ಬರು ಆಚೆಗೆ. ಗೆದ್ದವರು ಯಾವ ಕಡೆಗೆಂದು ಮಾತ್ರ ಅವನು ಕೇಳಿಸಿಕೊಂಡಿರಲಿಲ್ಲ.

ಮೂಗಣ್ಣ ಸಾಹೇಬರ ಕೈ ಹಿಡಿದುಕೊಂಡ. "ಬೇಡ ಸಾರ್! ದದಗೆ ದೆಗಡಿ! ದದ್ದ ಬೂಗಿಗೆ ಏದೂ ವಾಸದೆ ಬರಲ್ಲ ಸಾರ್!"

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಆಹಾ, ಏನು ಮಿಮಿಕ್ರಿ! ಈಗತಾನೇ ಯಂತ್ರವನ್ನೇ ಸೋಲಿಸಿ ನೆಗಡಿಯಂತೆ! ಗ್ಯಾಸ್ ಬಿಡಬೇಡ್ರೀ, ಹತ್ತಿ ಜೀಪು!"

ಊರಾಚೆ, ಕೆರೆಯಷ್ಟು ಅಗಲದ ಗುಂಡಿ. ಆಳುಗಳು ಮುಚ್ಚಳಕ್ಕೆ ಕೈ ಹಾಕಿದರು. ಸಾಹೇಬರು ಜೀಪಿನ ಗಾಜು ಏರಿಸಿಕೊಂಡರು. ಮೂಗಣ್ಣ ಧೈರ್ಯ ತಂದುಕೊಂಡ. ಇರಲಿ, ಮೂಗು ಕಟ್ಟಿರುವಷ್ಟು ದಿನವಾದರೂ ಸುಖ.

ಮುಚ್ಚಳ ಮೇಲೆದ್ದಿತು. ಬೆಳಿಗ್ಗೆ ಅರ್ಧ ದಾರಿಯಿಂದ ವಾಪಸು ಹೋಗಿದ್ದ ಸೀನು ಆಗ ಮರೆತದ್ದನ್ನು ನೆನಪಿಸಿಕೊಂಡು ಓಡೋಡಿ ಬಂತು.

"ಆ... ಆ... ಆಆಕ್ಷೀ!"

ಎರಡು ಬಾಗಿಲಿನ ಮನೆ, ಎರಡೂ ಬಾಗಿಲು ಏಕಕಾಲಕ್ಕೆ ಹಾರು ಹೊಡೆದವು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. "ಏನ್ರೀ, ಮೂಗು ತೆರೀತಾ?" ಹೆಂಡತಿಯ ದನಿ. "ಆವಿಯಿಂದಲೋ ಬೆಳ್ಳುಳ್ಳಿಯಿಂದಲೋ ಅಂತ ಮೇಷ್ಟ್ರೂ ಅಜ್ಜೀನೂ ಇಲ್ಲಿ ಜಗಳಕ್ಕೆ ನಿಂತಿದ್ದಾರೆ!"

ಮೂಗಣ್ಣ ಎರಡು ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದ:

"ಇಬ್ರ ಹತ್ರ ಕೇಳು... ಬುಚ್ಚೋಕೆ ಏದಾದ್ರೂ ಔಷಧಿ ಇದ್ಯಾ!"